ಇಲಿಗೆ ಬಾಲ ಬೇಕೆ?

ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕುಡುಗೋಲು ಕೊಳ್ಳುವವನು ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ಗಾಳಿಯಲ್ಲೊಮ್ಮೆ ಬೀಸುತ್ತಾನೆ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಕಡೆ ಯಾವ ರೈತನಿಗೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಎಂಜಿನಿಯರಿಂಗ್ ಓದುವ ಮಗ ಫೋನು ಮಾಡಿ, 'ಅಪ್ಪಾ, ಒಂದು ಮೌಸ್ ತಗೋಬೇಕಾಗೇತಿ, ಹನ್ನೆರಡು ಸಾವಿರ ಆಗತೈತಿ' ಎಂದರೆ ಅದೇ ರೈತ ತಬ್ಬಿಬ್ಬಾಗುತ್ತಾನೆ. ಹಲ್ಲಿಲ್ಲದ, ಗೊರಸಿಲ್ಲದ ಈ ಇಲಿಯನ್ನು ಪರೀಕ್ಷಿಸುವುದು ಹೇಗೆ?

ಅವನ ಪ್ರಶ್ನೆಗಳು ಮೂರೇ ಮೂರು. ಲ್ಯಾಪ್‌ಟಾಪಿನ ಜೊತೆ ಕೊಂಡ ಮುನ್ನೂರು ರೂಪಾಯಿಯ ಮೌಸಿಗೆ ಏನಾಯಿತು? ಅಂಗೈಯಗಲದ ವಸ್ತುವಿಗೆ ಹನ್ನೆರಡು ಸಾವಿರ ಯಾಕೆ? ಇದು ಓದಿಗೋ, ಆಟಕ್ಕೋ, ಇಲ್ಲಾ ಜೂಜಿಗೋ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಮಗ ಇವನ್ನು ಜಿಪುಣತನವೆಂದು ತಿಳಿಯುತ್ತಾನೆ, ತಂದೆ ಮಗನ ಬೇಡಿಕೆಯನ್ನು ದುಂದುವೆಚ್ಚವೆಂದು ತಿಳಿಯುತ್ತಾನೆ. ಫೋನು ಇಟ್ಟ ಮೇಲೆ ಇಬ್ಬರ ಮನಸ್ಸಿನಲ್ಲೂ ಒಂದು ಮುಳ್ಳು ಉಳಿಯುತ್ತದೆ. ಈ ಮುಳ್ಳನ್ನು ತೆಗೆಯಲು ಬೇಕಾದದ್ದು ಸ್ವಲ್ಪ ತಿಳಿವಳಿಕೆ, ಸ್ವಲ್ಪ ಗಣಿತ.

ಮರದ ಇಲಿಯಿಂದ ಬೆಳಕಿನ ಇಲಿಗೆ

ಮೌಸಿನ ಹುಟ್ಟು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರರ ಕಲ್ಪನೆಯನ್ನು ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ 1964ರಲ್ಲಿ ಮರದ ಪೆಟ್ಟಿಗೆಯ ರೂಪದಲ್ಲಿ ಕಟ್ಟಿಕೊಟ್ಟರು. ಕೆಳಗೆ ಎರಡು ಚಕ್ರ, ಮೇಲೊಂದು ಗುಂಡಿ, ಹಿಂದೆ ಬಾಲದಂಥ ತಂತಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಇದನ್ನು ಜನರ ಮುಂದೆ ಆಡಿಸಿ ತೋರಿಸಿದರು. ಮುಂದೆ ಚಕ್ರಗಳ ಜಾಗಕ್ಕೆ ರಬ್ಬರು ಹೊದಿಸಿದ ಗುಂಡು ಬಂತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ಆ ಗುಂಡನ್ನು ಹೊರತೆಗೆದು, ಒಳಗಿನ ಉರುಳೆಗಳಿಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆದದ್ದು ನೆನಪಿರಬೇಕು.

1999ರ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಳಕಿನ ಮೌಸ್ ಮಾರುಕಟ್ಟೆಗೆ ಬಂದು ಗುಂಡಿನ ಕಾಲ ಮುಗಿಯತೊಡಗಿತು. ಈಗಿನ ಮೌಸಿನ ಹೊಟ್ಟೆಯೊಳಗೆ ಒಂದು ಪುಟ್ಟ ದೀಪ, ಒಂದು ಪುಟ್ಟ ಕ್ಯಾಮೆರಾ ಇರುತ್ತವೆ. ಕ್ಯಾಮೆರಾ ಮೇಜಿನ ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತದೆ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಇರುವ ವ್ಯತ್ಯಾಸದಿಂದ ಮೌಸ್ ಎತ್ತ, ಎಷ್ಟು ಸರಿಯಿತೆಂಬುದನ್ನು ಒಳಗಿನ ಚಿಪ್ಪು ಲೆಕ್ಕ ಹಾಕುತ್ತದೆ. ಗಾಜಿನ ಮೇಜಿನ ಮೇಲೆ ಹಲವು ಮೌಸುಗಳು ತಡವರಿಸುವುದು ಇದೇ ಕಾರಣಕ್ಕೆ. ನುಣುಪು ಗಾಜಿನಲ್ಲಿ ಗುರುತು ಹಿಡಿಯಲು ಏನೂ ಇಲ್ಲ.

ಲಾಳಿಯ ಪಾಠ

ಇನ್ನು ತೂಕದ ಮಾತು. ರಾಮದುರ್ಗ, ಸುರೇಬಾನದ ನೇಕಾರರಿಗೆ ಲಾಳಿಯ ತೂಕದ ಬಗ್ಗೆ ಪಾಠ ಮಾಡುವವರಿಲ್ಲ. ಲಾಳಿ ಭಾರವಾದರೆ ದಿನವಿಡೀ ಎಳೆಯುವ ತೋಳು ಸೋಲುತ್ತದೆ. ತೀರ ಹಗುರವಾದರೆ ಲಾಳಿ ನೆಟ್ಟಗೆ ಓಡದೆ ಅಡ್ಡಾದಿಡ್ಡಿ ಹಾರುತ್ತದೆ. ಕೇರಂ ಆಡುವ ಹುಡುಗರಿಗೂ ಇದು ಗೊತ್ತು. ನಿಯಮದ ಪ್ರಕಾರ ಸ್ಟ್ರೈಕರ್ 15 ಗ್ರಾಂ ಮೀರುವಂತಿಲ್ಲ. ಆ ಮಿತಿಯೊಳಗೇ ಒಬ್ಬನಿಗೆ ಒಂದು ತೂಕ ಒಗ್ಗುತ್ತದೆ, ಇನ್ನೊಬ್ಬನಿಗೆ ಮತ್ತೊಂದು.

ಮೌಸಿನಲ್ಲಿಯೂ ಹೀಗೆಯೇ. ಗುರಿಯಿಟ್ಟು ಹೊಡೆಯುವ ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ಆಟಗಳಲ್ಲಿ ಆಟಗಾರ ಮೌಸನ್ನು ಥಟ್ಟನೆ ತಳ್ಳಬೇಕು, ಥಟ್ಟನೆ ನಿಲ್ಲಿಸಬೇಕು. ನಿಂತ ವಸ್ತುವನ್ನು ಓಡಿಸಲು, ಓಡುವ ವಸ್ತುವನ್ನು ನಿಲ್ಲಿಸಲು ಬೇಕಾದ ಬಲ ಅದರ ತೂಕದ ಜೊತೆಗೇ ಏರುತ್ತದೆ. ಇದು ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಎರಡನೆಯ ನಿಯಮ. 100 ಗ್ರಾಂ ಮೌಸಿನ ಬದಲು 60 ಗ್ರಾಮಿನದು ಹಿಡಿದರೆ ನೂಕುವ ಕೆಲಸದಲ್ಲಿ ನೂರಕ್ಕೆ ನಲವತ್ತು ಪಾಲು ಉಳಿತಾಯ. ಮೇಜಿನ ಮೇಲಿನ ತಿಕ್ಕಾಟವೂ ಅಷ್ಟೇ ಕಡಿಮೆಯಾಗುತ್ತದೆ. ಅನುಭವಿ ಆಟಗಾರರು ಬಾಣದ ಗುರುತನ್ನು ನಿಧಾನ ಇಟ್ಟುಕೊಂಡು, ಇಡೀ ಮೊಳಕೈಯನ್ನು ಆಡಿಸುತ್ತಾರೆ. ಮೇಜಿನ ಅಂಚು ಬಂದಾಗ ಮೌಸನ್ನು ಎತ್ತಿ ಮತ್ತೆ ನಡುವೆ ಇಡುತ್ತಾರೆ. ಎತ್ತಿ ಇಡುವಾಗ ಹಗುರದ ಬೆಲೆ ತಿಳಿಯುತ್ತದೆ.

ತಯಾರಕರು ಹಗುರ ಮಾಡಿದ ಬಗೆಯೂ ಸ್ವಾರಸ್ಯದ್ದು. 2019ರಲ್ಲಿ ಬಂದ ಗ್ಲೋರಿಯಸ್ ಕಂಪನಿಯ ಮಾಡೆಲ್ ಓ ಎಂಬ ಮೌಸಿನ ಬೆನ್ನಿಗೆ ಜೇನುಗೂಡಿನಂತೆ ತೂತುಗಳಿದ್ದವು; ತೂಕ 67 ಗ್ರಾಂ. ಅಂಗೈ ಬೆವರುವವರಿಗೆ ತೂತು ಹಿತ. ಆದರೆ ಎರೆಭೂಮಿಯ ಊರಿಗೆ ಇದು ಹೊಂದುತ್ತದೆಯೇ ಎಂದು ಯೋಚಿಸಬೇಕು. ಬೇಸಿಗೆಯಲ್ಲಿ ಕಿಟಕಿ ತೆರೆದರೆ ಕರಿ ಮಣ್ಣಿನ ಧೂಳು, ಸುಗ್ಗಿಯಲ್ಲಿ ಜೋಳದ ಹೊಟ್ಟು. ತೂತಿನ ಇಲಿಯ ಹೊಟ್ಟೆಗೆ ಇವೆಲ್ಲ ನೇರವಾಗಿ ಇಳಿಯುತ್ತವೆ. ಅದೃಷ್ಟಕ್ಕೆ, ಮುಂದೆ ತಯಾರಕರು ಚಿಪ್ಪನ್ನೇ ತೆಳುಗೊಳಿಸಿ, ಒಳಗಿನ ಅನಗತ್ಯ ಭಾಗಗಳನ್ನು ಕಳೆದು, ತೂತಿಲ್ಲದೆಯೇ ಹಗುರ ಮಾಡುವುದನ್ನು ಕಲಿತರು. 2020ರಲ್ಲಿ ಬಂದ ರೇಜರ್ ವೈಪರ್ ಮಿನಿ ತೂತಿಲ್ಲದೆಯೂ 61 ಗ್ರಾಂ ಮಾತ್ರ. ಅದಕ್ಕೆ ಬಾಲ ಇತ್ತು ಎಂಬುದನ್ನು ಮರೆಯಬಾರದು.

ಬಾಲದ ಮಾತು

ಬಾಲವಿಲ್ಲದ ಮೌಸ್ ಹೊಸತಲ್ಲ. ಲಾಜಿಟೆಕ್ ಕಂಪನಿ 1984ರಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ ನಡೆಯುವ ಮೌಸನ್ನು ಮಾಡಿತ್ತು. ಟಿ.ವಿ. ರಿಮೋಟಿನಂತೆ ಅದರ ಎದುರಿಗೆ ಏನೂ ಅಡ್ಡ ಬರುವಂತಿರಲಿಲ್ಲ. 1991ರಲ್ಲಿ ಅದೇ ಕಂಪನಿ ರೇಡಿಯೋ ತರಂಗದ ಮೌಸನ್ನು ತಂದಿತು. ಆದರೂ ಆಟಗಾರರು ಬಹುಕಾಲ ತಂತಿಯಿಲ್ಲದ ಮೌಸನ್ನು ಹತ್ತಿರಕ್ಕೆ ಸೇರಿಸಲಿಲ್ಲ. ಒಂದು, ಸಂದೇಶ ತಡವಾಗುತ್ತಿತ್ತು. ಎರಡು, ಬ್ಯಾಟರಿಯಿಂದ ತೂಕ ಏರುತ್ತಿತ್ತು. ಹೀಗಾಗಿ ಹಗುರ ಬೇಕೆನ್ನುವವನು ಬಾಲ ಸಹಿಸಬೇಕು, ಬಾಲ ಬೇಡವೆನ್ನುವವನು ಭಾರ ಹೊರಬೇಕು ಎಂಬ ಸ್ಥಿತಿ ಇತ್ತು.

ಅದು ಬದಲಾದದ್ದು ಈಚೆಗೆ. 2018ರ ಜಿ ಪ್ರೊ ವೈರ್‌ಲೆಸ್ ಎಂಬ ಮೌಸ್ 80 ಗ್ರಾಮಿಗೆ ಇಳಿಯಿತು. 2020ರ ಸೂಪರ್‌ಲೈಟ್ 63 ಗ್ರಾಮಿನೊಳಗೆ ಬಂತು. 2022ರಲ್ಲಿ ರೇಜರ್‌ನ ವೈಪರ್ ವಿ2 ಪ್ರೊ 58 ಗ್ರಾಂ, 2023ರಲ್ಲಿ ಲಾಜಿಟೆಕ್‌ನ ಎರಡನೆಯ ಸೂಪರ್‌ಲೈಟ್ 60 ಗ್ರಾಂ. ಹನ್ನೆರಡು ಸಾವಿರದ ಗುಟ್ಟು ಇಲ್ಲಿದೆ. ಹಗುರ ಮಾತ್ರ ಬೇಕೆಂದರೆ ಅಗ್ಗ, ತಂತಿಯಿಲ್ಲದ್ದು ಮಾತ್ರ ಬೇಕೆಂದರೆ ಅದೂ ಅಗ್ಗವೇ. ಎರಡೂ ಒಟ್ಟಿಗೆ ಬೇಕೆಂದಾಗ ಬೆಲೆ ಹತ್ತು ಸಾವಿರ ದಾಟುವುದೂ ಉಂಟು. ಹಾಗಾದರೆ ಮಗನನ್ನು ಕೇಳಬೇಕಾದ ಪ್ರಶ್ನೆ, 'ಮೌಸ್ ಯಾಕೆ?' ಎಂಬುದಲ್ಲ, 'ಎರಡರಲ್ಲಿ ನಿನಗೆ ಯಾವುದು ಬೇಕು?' ಎಂಬುದು.

ಅಗ್ಗದ ದಾರಿಯಲ್ಲಿ ಎರಡು ಹೆಸರುಗಳು ಹುಡುಗರ ಬಾಯಲ್ಲಿ ಸದಾ ಇರುತ್ತವೆ. ತಂತಿಯ ಜಿ102 ಒಂದೂವರೆ–ಎರಡು ಸಾವಿರದ ಅಂದಾಜಿನದು, 85 ಗ್ರಾಂ. ತಂತಿಯಿಲ್ಲದ ಜಿ304 ಮೂರು ಸಾವಿರದ ಆಸುಪಾಸಿನದು, ಬ್ಯಾಟರಿ ಸೇರಿ 99 ಗ್ರಾಂ. ಇಲ್ಲೊಂದು ಸೂಕ್ಷ್ಮವಿದೆ. ತಂತಿಯ ಮೌಸಿನ ತೂಕ ಹೇಳುವಾಗ ತಂತಿಯನ್ನು ಬಿಟ್ಟು ಹೇಳುತ್ತಾರೆ. ಆ ತಂತಿ ಮೇಜಿನ ಅಂಚಿಗೆ ಉಜ್ಜುತ್ತಾ, ಪುಸ್ತಕಕ್ಕೆ ತೊಡರುತ್ತಾ ಕೈಯನ್ನು ಎಳೆಯುತ್ತಲೇ ಇರುತ್ತದೆ. ಇದಕ್ಕೆ ಮದ್ದು ಸುಲಭ: ತಂತಿಯನ್ನು ಮೌಸಿನ ಹಿಂದೆ ಒಂದು ಗೇಣು ಸಡಿಲ ಬಿಟ್ಟು ಮೇಜಿಗೆ ಟೇಪು ಹಚ್ಚಿದರೆ ಅರ್ಧ ಎಳೆತ ಹೋಯಿತು.

ತಂತಿಯಿಲ್ಲದ್ದರ ಭಾರ ಇಳಿಸುವ ಉಪಾಯವೂ ಉಂಟು. ಸಾಧಾರಣ ಎಎ ಸೆಲ್ಲು ಸುಮಾರು 23 ಗ್ರಾಂ. ಲಿಥಿಯಂ ಸೆಲ್ಲು ಹಾಕಿದರೆ ಸುಮಾರು 15. ಚಿಕ್ಕ ಎಎಎ ಸೆಲ್ಲನ್ನು ಅಳತೆಯ ಗೂಡಿನಲ್ಲಿಟ್ಟು ತೂರಿಸಿ, ತೂಕವನ್ನು ಹತ್ತು ಗ್ರಾಮಿನಷ್ಟು ಇಳಿಸಿಕೊಳ್ಳುವ ಹುಡುಗರಿದ್ದಾರೆ. ಸೆಲ್ಲಿನ ಮೌಸಿಗೆ ಹಳ್ಳಿಯಲ್ಲಿ ಇನ್ನೊಂದು ಅನುಕೂಲವಿದೆ. ಜಿ304 ಒಂದು ಸೆಲ್ಲಿನಲ್ಲಿ 250 ಗಂಟೆ ನಡೆಯುತ್ತದೆಂದು ಕಂಪನಿಯ ಲೆಕ್ಕ. ದಿನಕ್ಕೆ ನಾಲ್ಕು ಗಂಟೆಯಂತೆ ಎರಡು ತಿಂಗಳು. ಮುಗಿದರೆ ಊರಿನ ಕಿರಾಣಿ ಅಂಗಡಿಯಲ್ಲಿ ಸೆಲ್ಲು ಸಿಗುತ್ತದೆ. ದುಬಾರಿ ಮೌಸಿನೊಳಗೆ ಇರುವುದು ಚಾರ್ಜ್ ಮಾಡುವ ಬ್ಯಾಟರಿ. ಮೊಬೈಲಿನದರಂತೆ ಅದೂ ವರ್ಷಗಳು ಕಳೆದಂತೆ ಸೊರಗುತ್ತದೆ, ಮನೆಯಲ್ಲಿ ಬದಲಿಸುವುದು ಕಷ್ಟ.

ತಂತಿಯಿಲ್ಲದ್ದನ್ನು ಕೊಳ್ಳುವವರು ಇನ್ನೆರಡು ಸಂಗತಿ ತಿಳಿದಿರಬೇಕು. ಬ್ಲೂಟೂತಿನ ಮೌಸ್ ಬೇರೆ, 2.4 ಗಿಗಾಹರ್ಟ್ಸಿನ ಪುಟ್ಟ ರಿಸೀವರಿನೊಂದಿಗೆ ಬರುವ ಮೌಸ್ ಬೇರೆ. ಪಾಠಕ್ಕೆ, ಪ್ರಾಜೆಕ್ಟಿಗೆ ಬ್ಲೂಟೂತು ಸಾಕು; ವೇಗದ ಆಟಕ್ಕೆ ರಿಸೀವರೇ ಬೇಕು. ಎರಡನೆಯದಾಗಿ, ಈ ತರಂಗ ವೈಫೈ ಓಡಾಡುವ ದಾರಿಯಲ್ಲೇ ಓಡಾಡುತ್ತದೆ. ಯುಎಸ್‌ಬಿ ಹಾರ್ಡ್ ಡಿಸ್ಕಿನ ಪಕ್ಕದಲ್ಲಿ ರಿಸೀವರ್ ಚುಚ್ಚಿದರೆ ಬಾಣದ ಗುರುತು ಮುಗ್ಗರಿಸಬಹುದು. ಹುಡುಗ 'ಮೌಸ್ ಕೆಟ್ಟಿತು' ಎನ್ನುವ ಮೊದಲು ರಿಸೀವರನ್ನು ಒಂದು ತುಂಡು ಎಕ್ಸ್‌ಟೆನ್ಷನ್ ತಂತಿಯಿಂದ ಮೌಸಿನ ಹತ್ತಿರಕ್ಕೆ ತಂದು ನೋಡುವುದು ಒಳ್ಳೆಯದು.

ಡಬ್ಬಿಯ ಮೇಲಿನ ಅಂಕಿಗಳು

ಬೀಜದ ಚೀಲದ ಮೇಲೆ ಬರೆದ ಇಳುವರಿಯನ್ನು ರೈತ ಪೂರ್ತಿ ನಂಬುವುದಿಲ್ಲ. ಮೌಸಿನ ಡಬ್ಬಿಯ ಮೇಲಿನ ಅಂಕಿಗಳನ್ನೂ ಅದೇ ಕಣ್ಣಿನಿಂದ ನೋಡಬೇಕು. ಅವುಗಳಲ್ಲಿ ದೊಡ್ಡದಾಗಿ ಕಾಣುವುದು ಡಿಪಿಐ. ಮೌಸ್ ಒಂದು ಅಂಗುಲ ಸರಿದಾಗ ಎಷ್ಟು ಎಣಿಕೆ ಕಳಿಸುತ್ತದೆಂಬುದೇ ಇದರ ಅರ್ಥ. ಸಾಧಾರಣ ಪರದೆಯ ಅಗಲ 1920 ಚುಕ್ಕಿ. 800 ಡಿಪಿಐ ಇದ್ದರೆ ಎರಡೂವರೆ ಅಂಗುಲದಷ್ಟು ಸರಿಸಿದಾಗ ಗುರುತು ಪರದೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಡಬ್ಬಿಯ ಮೇಲೆ ಬರೆದ 25,600 ಇಟ್ಟರೆ? ಬರಿಯ ಎರಡು ಮಿಲಿಮೀಟರಿನಲ್ಲಿ ಹೋಗಿಬಿಡುತ್ತದೆ! ಮನುಷ್ಯನ ಕೈ ಅಷ್ಟು ಸಣ್ಣ ಅಂತರದಲ್ಲಿ ಗುರಿ ಹಿಡಿಯಲಾರದು. ಪಳಗಿದ ಆಟಗಾರರಲ್ಲಿ ಬಹುಮಂದಿ 400ರಿಂದ 1600ರ ನಡುವೆಯೇ ಇಟ್ಟುಕೊಳ್ಳುತ್ತಾರೆ. ಅಗ್ಗದ ಜಿ102 ಕೂಡ 8000ದವರೆಗೆ ಹೋಗುತ್ತದೆ. ಹೀಗಾಗಿ ಈ ಅಂಕಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಎರಡನೆಯ ಅಂಕಿ ಪೋಲಿಂಗ್ ರೇಟ್. ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ ಎಂಬುದು. ಮಾಮೂಲಿ ಮೌಸ್ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಆಟದ ಮೌಸ್ 1000 ಸಲ, ಅಂದರೆ 1 ಮಿಲಿಸೆಕೆಂಡಿಗೊಮ್ಮೆ. ಈ ವ್ಯತ್ಯಾಸ ನಿಜವಾದದ್ದು, ಮುನ್ನೂರು ರೂಪಾಯಿಯ ಮೌಸಿನಿಂದ ಮೇಲೇರಲು ಇದು ಒಂದು ಕಾರಣ. ಆದರೆ ಈಚಿನ ದುಬಾರಿ ಮೌಸುಗಳು 8000 ಎನ್ನುತ್ತವೆ. ಅದರಿಂದ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಸಾಧಾರಣ ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ, ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 17 ಮಿಲಿಸೆಕೆಂಡು. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು 200 ಮಿಲಿಸೆಕೆಂಡಿನ ಮೇಲೆ ಬೇಕು. ಕಾಲುವೆಯೇ ಕಿರಿದಾಗಿರುವಾಗ ಪಂಪು ದೊಡ್ಡದು ಹಾಕಿದರೆ ಏನು ಪ್ರಯೋಜನ?

ಖರ್ಚಿಲ್ಲದ ಒಂದು ಸುಧಾರಣೆಯೂ ಇದೆ. ವಿಂಡೋಸಿನ ಮೌಸ್ ಸೆಟ್ಟಿಂಗಿನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬ ಆಯ್ಕೆ ಇರುತ್ತದೆ. ಹೆಸರು ನಿಖರತೆಯದಾದರೂ ಕೆಲಸ ಬೇರೆ. ಕೈಯ ವೇಗ ನೋಡಿಕೊಂಡು ಗುರುತಿನ ದೂರವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಅದನ್ನು ತೆಗೆದು ಒಂದು ವಾರ ಅಭ್ಯಾಸ ಮಾಡಿದರೆ, ಕೈಗೂ ಗುರುತಿಗೂ ಇರುವ ಲೆಕ್ಕ ಸ್ಥಿರವಾಗುತ್ತದೆ. ಅಗಲವಾದ ಬಟ್ಟೆಯ ಪ್ಯಾಡು ಹಾಕಿದರೆ ಇನ್ನೂ ಮೇಲು.

ಕೈಯ ಅಳತೆ

ಇಷ್ಟೆಲ್ಲ ಅಂಕಿಗಳ ನಡುವೆ ಮರೆತೇ ಹೋಗುವುದು ಕೈ. ಅಂಗೈಯನ್ನು ಪೂರ್ತಿ ಊರಿ ಹಿಡಿಯುವವರಿಗೆ ದೊಡ್ಡ ಬೆನ್ನಿನ ಮೌಸ್ ಬೇಕು. ಬೆರಳನ್ನು ಬೆಕ್ಕಿನ ಪಂಜದಂತೆ ಮಡಿಸಿ ಹಿಡಿಯುವವರಿಗೆ ಚಿಕ್ಕದು, ತಗ್ಗಿನದು ಒಗ್ಗುತ್ತದೆ. ಕೈಗೆ ಹೊಂದದ 60 ಗ್ರಾಮಿಗಿಂತ ಹೊಂದುವ 85 ಗ್ರಾಮೇ ಲೇಸು. ಎಡಗೈಯ ಮಕ್ಕಳ ಬಗ್ಗೆ ಪಾಲಕರು ವಿಶೇಷ ಗಮನ ಕೊಡಬೇಕು. ಬಲಗೈಗೆಂದೇ ಸೊಟ್ಟಗೆ ಮಾಡಿದ ಮೌಸುಗಳು ಅವರಿಗೆ ನಿರುಪಯೋಗಿ, ಎರಡೂ ಬದಿ ಒಂದೇ ತೆರನಾದ ಆಕಾರವನ್ನೇ ಆರಿಸಬೇಕು.

ಮಣಿಕಟ್ಟಿನ ನೋವನ್ನು ಹಗುರ ಮೌಸ್ ಒಂದೇ ಕಳೆಯಲಾರದು. ಹಾಸ್ಟೆಲಿನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ದಿಂಬಿನ ಮೇಲೆ ಮೌಸ್ ಆಡಿಸುವವನಿಗೆ ಯಾವ ಕಂಪನಿಯೂ ಸಹಾಯ ಮಾಡಲಾರದು. ಮೊಳಕೈ ಮೇಜಿನ ಎತ್ತರಕ್ಕೆ ಬರಬೇಕು, ಮಣಿಕಟ್ಟು ನೆಟ್ಟಗಿರಬೇಕು, ನಡುನಡುವೆ ಎದ್ದು ಕೈ ಕೊಡವಬೇಕು. ಬೆರಳು ಜುಮುಗುಟ್ಟುವುದು ದಿನವೂ ಕಾಣಿಸಿಕೊಂಡರೆ ಮೌಸ್ ಬದಲಿಸುವ ಮೊದಲು ವೈದ್ಯರನ್ನು ಕಾಣಬೇಕು.

ಆಟವೋ, ಜೂಜೋ?

ಈಗ ತಂದೆಯ ಮೂರನೆಯ ಪ್ರಶ್ನೆ. ಇದು ಎಲ್ಲಕ್ಕಿಂತ ತೂಕದ್ದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಬೇರೊಂದು ಕಾಯ್ದೆ ಮಾಡಿ, ಹಣ ಪಣವಿಡುವ ಆಟಗಳನ್ನು ನಿಷೇಧಿಸಿ, ಸ್ಪರ್ಧಾತ್ಮಕ ಇ–ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಗುರುತಿಸಿತು. ಈ ಗೆರೆಯನ್ನು ತಂದೆ–ಮಗ ಇಬ್ಬರೂ ತಿಳಿದಿರಬೇಕು. ವ್ಯಾಲರಂಟ್ ಆಡುವ ಹುಡುಗ ಪಣವಿಟ್ಟು ಆಡುತ್ತಿಲ್ಲ, ಹೊತ್ತು ಖರ್ಚು ಮಾಡಿ ಆಡುತ್ತಿದ್ದಾನೆ. ಹೊತ್ತಿಗೂ ಬೆಲೆಯಿದೆ ಎಂಬುದು ಬೇರೆ ಮಾತು, ಅದನ್ನು ಬೇರೆಯಾಗಿಯೇ ಮಾತನಾಡಬೇಕು.

ಆಟವನ್ನೇ ಬದುಕು ಮಾಡಿಕೊಳ್ಳುವೆನೆನ್ನುವವರಿಗೆ ಒಂದು ಸಂಗತಿ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಇ–ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು. ಅಲ್ಲಿ ಭಾರತದ ತೀರ್ಥ ಮೆಹ್ತಾ ಕಂಚು ಗೆದ್ದರು. ಗೆದ್ದದ್ದು ಹಾರ್ತ್‌ಸ್ಟೋನ್ ಎಂಬ ಎಲೆಯಾಟದಲ್ಲಿ. ಎದುರಾಳಿಯ ಎಲೆಗಳನ್ನು ಊಹಿಸುತ್ತಾ, ಯೋಚಿಸಿ ಆಡುವ ಆಟವದು. ಮೌಸ್ 60 ಗ್ರಾಮಾದರೇನು, 160 ಗ್ರಾಮಾದರೇನು! ಫೋನಿನಲ್ಲಿ ಆಡುವ ಆಟಗಳಿಗಂತೂ ಮೌಸೇ ಬೇಡ. ಆದ್ದರಿಂದ 'ಯಾವ ಆಟ?' ಎಂದು ಕೇಳುವುದು ತಂದೆಯ ಹಕ್ಕು, ಉತ್ತರ ಹೇಳುವುದು ಮಗನ ಕರ್ತವ್ಯ.

ಕೊನೆಗೆ ಕೊಳ್ಳುವುದೇನು?

ಓದಿನ ಕೆಲಸ, ಆಗೊಮ್ಮೆ ಈಗೊಮ್ಮೆ ಆಟ ಎನ್ನುವವನಿಗೆ ತಂತಿಯ ಮೌಸ್ ಧಾರಾಳ ಸಾಕು. ಚಾರ್ಜಿಲ್ಲ, ಸೆಲ್ಲಿಲ್ಲ, ಕರೆಂಟು ಹೋದರೂ ಲ್ಯಾಪ್‌ಟಾಪಿನ ಜೊತೆ ನಡೆಯುತ್ತದೆ. ಕಾಲೇಜು, ಹಾಸ್ಟೆಲು, ಊರು ಎಂದು ಚೀಲ ಹೊತ್ತು ತಿರುಗುವವನಿಗೆ ಸೆಲ್ಲಿನ ತಂತಿಯಿಲ್ಲದ್ದು ಅನುಕೂಲ; ಚೀಲದಲ್ಲಿ ತಂತಿ ಮುರಿಯುವ ಭಯವಿಲ್ಲ. ಹಗುರವೂ ಇರಬೇಕು, ಬಾಲವೂ ಇರಬಾರದು ಎನ್ನುವವನು ಕಾಲೇಜಿನ ತಂಡದಲ್ಲಿ ನಿಜವಾಗಿ ಆಡುತ್ತಿರಬೇಕು, ವೇಗದ ಪರದೆಯೂ ಅವನ ಬಳಿ ಇರಬೇಕು. ಇಲ್ಲವಾದರೆ ಹನ್ನೆರಡು ಸಾವಿರದಲ್ಲಿ ಎರಡು ಸಾವಿರದ್ದು ಮೌಸ್, ಉಳಿದ ಹತ್ತು ಸಾವಿರ ಗೆಳೆಯರೆದುರಿನ ಮೆರವಣಿಗೆ. ಆ ಹತ್ತು ಸಾವಿರಕ್ಕೆ ಹಳೆಯ ಲ್ಯಾಪ್‌ಟಾಪಿಗೆ ಹೊಸ ರ‍್ಯಾಮು, ಎಸ್‌ಎಸ್‌ಡಿ ಹಾಕಿಸಿದರೆ ಓದೂ ಚುರುಕಾಗುತ್ತದೆ, ಆಟವೂ ಚುರುಕಾಗುತ್ತದೆ.

ಯಾವುದನ್ನೇ ಕೊಂಡರೂ ಬಿಲ್ಲನ್ನು ಜೋಪಾನ ಮಾಡಬೇಕು. ಮೌಸಿನಲ್ಲಿ ಮೊದಲು ಸೋಲುವುದು ಎಡಗುಂಡಿಯ ಕೆಳಗಿನ ಸ್ವಿಚ್ಚು. ಅದರ ಲೋಹದ ತಗಡು ಸವೆದಾಗ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ. ಆಟದಲ್ಲಿ ಇದರಿಂದ ಹೋಗುವುದು ಒಂದು ಸುತ್ತು. ಸಿಇಟಿಯ ಆಪ್ಷನ್ ಎಂಟ್ರಿ ಮಾಡುವಾಗ ಗುಂಡಿ ಹೀಗೆ ತಾನಾಗಿ ಎರಡು ಸಲ ಒತ್ತಿಕೊಂಡರೆ, ಕಾಲೇಜುಗಳ ಪಟ್ಟಿಯೇ ಮೇಲೆ ಕೆಳಗಾದೀತು. ವಾರಂಟಿ ಅವಧಿಯಲ್ಲಿ ಇಂಥ ದೋಷ ಕಂಡರೆ ಬದಲಿಸಿ ಕೇಳಬಹುದು. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ಅದು ನಕಲಿಯಾಗಿರುವ ಸಂಭವವೇ ಹೆಚ್ಚು.

ಮಗ ಈ ತೂಕ, ಗಂಟೆ, ಬೆಲೆಗಳನ್ನು ಒಂದು ಹಾಳೆಯಲ್ಲಿ ಬರೆದು ತಂದೆಯ ಮುಂದೆ ಇಡಲಿ. ತಂದೆ ಓದಿ, ತಿಳಿಯದ್ದನ್ನು ಕೇಳಲಿ. ಲೆಕ್ಕ ಕೇಳುವುದು ಅಪನಂಬಿಕೆಯಲ್ಲ, ಲೆಕ್ಕ ಕೊಡುವುದು ಅವಮಾನವಲ್ಲ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲದಕ್ಕೂ ಹೀಗೆಯೇ ಲೆಕ್ಕ ನಡೆಯುವ ಮನೆಯಲ್ಲಿ ಇಲಿಯೊಂದಕ್ಕೆ ಮಾತ್ರ ವಿನಾಯಿತಿ ಯಾಕೆ? ಹಾಗೆ ಲೆಕ್ಕ ಹಾಕಿ ಕೊಂಡ ಮೌಸಿಗೆ ಬಾಲ ಇದ್ದರೂ ಸರಿ, ಇಲ್ಲದಿದ್ದರೂ ಸರಿ.